ಪದದ ನಡುವೆ ಒಂದು ಉಸಿರು

ಹೊಳೆಯ ದಡದಲ್ಲಿ ಸಂಗೀತ ಕಲಿಸುವ ಮುದುಕರೊಬ್ಬರಿದ್ದರು. ಅವರ ಹೆಸರನ್ನು ಸರಿಯಾಗಿ ಹೇಳಬಲ್ಲವರು ಊರಿನಲ್ಲಿ ಒಬ್ಬರೂ ಇರಲಿಲ್ಲ.

ಓತಾಕರ್ ಎಂಬುದು ಹೇಗೋ ಬಾಯಿಗೆ ಬರುತ್ತಿತ್ತು. ಮನೆತನದ ಹೆಸರು ಮಾತ್ರ ವ್ಲ್ಕ್. ಮೂರು ವ್ಯಂಜನಗಳು, ನಡುವೆ ಒಂದು ಸ್ವರವೂ ಇಲ್ಲ. ಚೆಕ್ ನಾಡಿನಲ್ಲಿ ಅಂಥ ಹೆಸರುಗಳು ಉಂಟಂತೆ. ಅಲ್ಲಿಯವರು ಅವನ್ನು ತಡವರಿಸದೆ ಹೇಳುತ್ತಾರಂತೆ.

ಊರಿನವರು ತಮಗೆ ಬೇಕಾದ ಸ್ವರಗಳನ್ನು ತಾವೇ ಸೇರಿಸಿಕೊಂಡು ಅವರನ್ನು ವಿಲಕ ಮಾಸ್ಟ್ರು ಎಂದು ಕರೆದರು. ಶಾಲೆಯ ಹುಡುಗಿಯರು ಇನ್ನೂ ಸ್ವಲ್ಪ ಸೇರಿಸಿ ವಿಲಕ್ಷಣ ಮಾಸ್ಟ್ರು ಎಂದರು. ಅವರು ಎರಡಕ್ಕೂ ಓಗೊಡುತ್ತಿದ್ದರು.

ಯುದ್ಧದ ಕಾಲದಲ್ಲಿ ಪರದೇಶದವರು ವಾರಕ್ಕೊಮ್ಮೆ ಪೊಲೀಸ್ ಠಾಣೆಗೆ ಹೋಗಿ ರುಜು ಹಾಕಬೇಕಿತ್ತು. ಅಲ್ಲಿನ ದಫೇದಾರರು ಹೆಸರನ್ನು ನೋಡಿ ಕೇಳಿದರು, "ಇದರಲ್ಲಿ ಸ್ವರವೇ ಇಲ್ಲವಲ್ಲ ಮಾಸ್ಟ್ರೇ?"

"ಅದನ್ನು ಹುಡುಕಿಕೊಂಡೇ ಇಷ್ಟು ದೂರ ಬಂದೆ," ಎಂದರು ಮಾಸ್ಟ್ರು.

ಈ ಮಾತು ಊರಿನಲ್ಲಿ ಬಹಳ ಕಾಲ ಓಡಾಡಿತು. ಪ್ರಮೋದಿನಿ ಜತ್ತನ್ನ ಎಂಬವಳು ಅದನ್ನು ಕೇಳಿದ್ದು ತನ್ನ ಅಜ್ಜಿಯ ಬಾಯಿಂದ. ಈಗ ಅವಳಿಗೆ ಇಪ್ಪತ್ತೆಂಟು. ಒಂಬತ್ತು ವರ್ಷಗಳಿಂದ ಅವಳು ಮಾಸ್ಟ್ರ ಶಿಷ್ಯೆ. ಕ್ಲಾರಿನೆಟ್ ಕಲಿತಿದ್ದಳು, ಸಂಗೀತ ಬರೆಯುವುದನ್ನೂ ಕಲಿತಿದ್ದಳು. ಶಾಲೆಯಲ್ಲಿ ಹುಡುಗಿಯರಿಗೆ ಕನ್ನಡ ವ್ಯಾಕರಣ ಹೇಳಿಕೊಡುತ್ತಿದ್ದಳು. ತನ್ನ ಕನ್ನಡದ ಬಗ್ಗೆ ಅವಳಿಗೆ ಹೆಮ್ಮೆಯಿತ್ತು. ಹೆಮ್ಮೆಪಡುವಷ್ಟು ಚೆನ್ನಾಗಿಯೂ ಇತ್ತು.

ಮಾಸ್ಟ್ರ ಬದುಕಿನ ಬಗ್ಗೆ ಅವಳಿಗೆ ತೀರದ ಕುತೂಹಲ. ಅವರೋ, ಒಂದು ಸಲಕ್ಕೆ ಒಂದು ಚಮಚ ಎಂಬಂತೆ ಹೇಳುವವರು.

"ನಿಮ್ಮ ತಂದೆ ಏನಾಗಿದ್ದರು, ಮಾಸ್ಟ್ರೇ?"

"ಹಳ್ಳಿಯ ಶಾಲೆಯ ಮಾಸ್ಟ್ರು. ವಾರವೆಲ್ಲ ಮಗ್ಗಿ, ಭಾನುವಾರ ಚರ್ಚಿನಲ್ಲಿ ಆರ್ಗನ್. ಮಕ್ಕಳು ಮಗ್ಗಿ ತಪ್ಪಿದರೆ ಸುಮ್ಮನಿರುತ್ತಿದ್ದರು. ಶ್ರುತಿ ತಪ್ಪಿದರೆ ಹೊಡೆಯುತ್ತಿದ್ದರು."

ಇನ್ನೊಂದು ದಿನ ಕೇಳಿದಳು, "ಪ್ರಾಗ್ ನಗರದಲ್ಲಿ ನೀವು ಬರೆದ ಸಂಗೀತ ಎಂಥದ್ದು?"

"ಬಹಳ ಸರಿಯಾದದ್ದು. ಒಂದು ತಪ್ಪೂ ಇರಲಿಲ್ಲ. ಜನ ಟೋಪಿ ಹಾಕಿಕೊಂಡು ಮೆಲ್ಲಗೆ ಎದ್ದು ಹೋಗುತ್ತಿದ್ದರು."

ಆಮೇಲೆ ಆ ನಗರಕ್ಕೆ ಪರಸೈನ್ಯ ನುಗ್ಗಿತು. ಇಲ್ಲಿನ ಒಂದು ಹಾಸ್ಟೆಲಿಗೆ ಆರು ತಿಂಗಳ ಮಟ್ಟಿಗೆ ಪಿಯಾನೊ ಕಲಿಸುವವರು ಬೇಕು ಎಂಬ ಕಾಗದ ಅವರ ಕೈಗೆ ಬಂತು. ಒಂದು ಪೆಟ್ಟಿಗೆ ಹಿಡಿದು ಹಡಗು ಹತ್ತಿದರು. ಆ ಆರು ತಿಂಗಳು ನಲವತ್ತು ವರ್ಷಗಳಾದವು.

ಹೊಳೆಬದಿಯ ಸಣ್ಣ ಚರ್ಚಿನಲ್ಲಿ ಆಗ ಇಪ್ಪತ್ತೆರಡು ಹಾಡುಗಾರರ ಕ್ವಾಯರ್ ಇತ್ತು. ಮಾಸ್ಟ್ರು ಅವರಿಗಾಗಿ ಕನ್ನಡದಲ್ಲೇ ಹದಿನೆಂಟು ಹಾಡುಗಳಿಗೆ, ಒಟ್ಟಿಗೆ ಹಾಡುವ ನಾಲ್ಕು ಧಾಟಿಗಳ ಸಂಗೀತ ಬರೆದರು. ಈಗ ಆ ಕ್ವಾಯರ್ ಇರಲಿಲ್ಲ. ಹಾಡುವವರು ಇದ್ದರು; ಆದರೆ ಎಲ್ಲರೂ ಒಂದೇ ಧಾಟಿಯಲ್ಲಿ, ಒಬ್ಬರಿಗಿಂತ ಒಬ್ಬರು ಗಟ್ಟಿಯಾಗಿ. ಹದಿನೆಂಟು ಹಾಡುಗಳು ಮಾಸ್ಟ್ರ ಮಂಚದ ಕೆಳಗೆ ತಗಡಿನ ಪೆಟ್ಟಿಗೆಯಲ್ಲಿ ಮಲಗಿದ್ದವು.

ಒಂದು ದಿನ ಪ್ರಾಗ್ ನಗರದ ಒಂದು ಸಂಗ್ರಹಾಲಯದಿಂದ ಕಾಗದ ಬಂತು. ನಿಮ್ಮ ಹಸ್ತಪ್ರತಿಗಳನ್ನು ಕಳುಹಿಸಿದರೆ ಗಾಜಿನ ಕಪಾಟಿನಲ್ಲಿಟ್ಟು ಕಾಪಾಡುತ್ತೇವೆ ಎಂದು ಬರೆದಿದ್ದರು.

"ಕಳುಹಿಸಬೇಡಿ, ಮಾಸ್ಟ್ರೇ," ಎಂದಳು ಪ್ರಮೋದಿನಿ. "ನನಗೆ ಕೊಡಿ. ಊದುವಾದ್ಯಗಳಿಗೆ ಹೊಂದಿಸಿ ಬರೆಯುತ್ತೇನೆ. ನಾಲ್ಕು ಧಾಟಿ ಹಾಡುವವರು ಇಲ್ಲದಿದ್ದರೇನು, ಊದುವವರು ಇದ್ದಾರೆ. ಅಲ್ಲಿ ಕಪಾಟಿನಲ್ಲಿಟ್ಟರೆ ಯಾರಿಗೆ ಕೇಳಿಸುತ್ತದೆ?"

ಮಾಸ್ಟ್ರು ಅವಳನ್ನು ದಿಟ್ಟಿಸಿ ನೋಡಿದರು.

"ಕಮಲ ಎನ್ನು."

"ಕಮಲ."

"ವ್ಯಂಜನ ಬಿಟ್ಟು ಹೇಳು."

ಅವಳು ಯೋಚಿಸಿದಳು. "ಅ, ಅ, ಅ."

"ನಿನ್ನ ಕ್ಲಾರಿನೆಟ್ಟಿಗೆ ಗೊತ್ತಿರುವ ಕಮಲ ಅದು. ಕೊಳದಲ್ಲಿ ಅರಳುವುದಿಲ್ಲ. ಮಾತೆಲ್ಲ ಹೋದ ಮೇಲೆ ಹಾಡಿನಲ್ಲಿ ಏನು ಉಳಿಯುತ್ತದೆ?"

"ಗೊತ್ತಿಲ್ಲ."

"ನನಗೂ ಗೊತ್ತಿಲ್ಲ," ಎಂದರು ಮಾಸ್ಟ್ರು. ಪೆಟ್ಟಿಗೆಯಿಂದ ಮೇಲಿನ ಒಂದು ಹಾಡನ್ನು ಮಾತ್ರ ತೆಗೆದುಕೊಟ್ಟರು. "ಇವತ್ತು ಬುಧವಾರ. ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಪೆಟ್ಟಿಗೆ ಅಂಚೆಗೆ ಹೋಗುತ್ತದೆ. ಅಷ್ಟರೊಳಗೆ ಇದೊಂದನ್ನು ನನಗೆ ಕೇಳಿಸು. ಕೇಳಿಸಿದರೆ ಪೆಟ್ಟಿಗೆ ನಿನಗೆ. ಇಲ್ಲದಿದ್ದರೆ ಕಪಾಟಿಗೆ."

ಅದು ದೋಣಿಯ ಹಾಡು. ಚರ್ಚಿನ ಉಪದೇಶಿಯೊಬ್ಬರು ಬರೆದ ಎರಡು ಚರಣ. ಬೆಳಗಿನ ಬಿಸಿಲಿಗೆ ನೀರು ಹೊಳೆಯುತಿದೆ, ದೋಣಿಯ ಬಿಚ್ಚು ಎಂದು ಮೊದಲ ಚರಣ. ಎರಡನೆಯದು ಉದ್ದದ್ದು, ಅದರ ರಾಗವೂ ಬೇರೆ. ಎಲ್ಲರನ್ನೂ ಹತ್ತಿಸಿಕೋ, ದಡದಲಿ ಯಾರೂ ಉಳಿಯದಿರಲಿ ಎಂದು ಮುಗಿಯುತ್ತಿತ್ತು.

ಪ್ರಮೋದಿನಿ ಕೈ ತೊಳೆದುಕೊಂಡು, ಒರೆಸಿಕೊಂಡು, ಹಾಳೆ ಬಿಡಿಸಿದಳು. ತೊಳೆಯದ ಕೈಯಲ್ಲಿ ಸಂಗೀತದ ಹಾಳೆ ಮುಟ್ಟುವವರನ್ನು ಮಾಸ್ಟ್ರು ಮನೆಯೊಳಗೆ ಬಿಡುತ್ತಿರಲಿಲ್ಲ. ಬಿಡಲೂಬಾರದು.

ಮೊದಲ ಚರಣದಲ್ಲೇ ಅವಳು ಹುಬ್ಬು ಗಂಟಿಕ್ಕಿದಳು.

'ಹೊಳೆಯುತಿದೆ' ಎಂಬ ಪದ ನಡುವೆ ತುಂಡಾಗಿತ್ತು. ನಾಲ್ಕೂ ಧಾಟಿಗಳು 'ಹೊಳೆ' ಎಂದು ಹಾಡಿ ಒಟ್ಟಿಗೆ ನಿಲ್ಲುತ್ತಿದ್ದವು. ಅಲ್ಲೊಂದು ವಿರಾಮ. ಆಮೇಲೆ 'ಯುತಿದೆ'. ಬಿಸಿಲಿಗೆ ನೀರು ಹೊಳೆ. ಯುತಿದೆ.

ನಗು ಬಂತು ಅವಳಿಗೆ. ಪಾಪ, ಬಂದ ಹೊಸತರಲ್ಲಿ ಬರೆದದ್ದು. ಪರದೇಶದ ಮನುಷ್ಯ, ನದಿಯ ಹೊಳೆ ಯಾವುದು, ಮಿನುಗುವ ಹೊಳೆ ಯಾವುದು ಎಂದು ಹೇಗೆ ತಿಳಿಯಬೇಕು? ಪದವನ್ನು ಎಲ್ಲಿ ಒಡೆಯಬಾರದೋ ಅಲ್ಲೇ ಒಡೆದಿದ್ದಾರೆ. ಅವಳ ತರಗತಿಯ ಹುಡುಗಿ ಹೀಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದಳು.

ಗುರುಗಳ ಹಾಳೆಯ ಮೇಲೆ ಗೆರೆ ಎಳೆಯಲಾಗುವುದಿಲ್ಲ. ತಾನು ಬರೆಯುವ ಹಾಳೆಯಲ್ಲಿ ಆ ವಿರಾಮವನ್ನು ಮೆಲ್ಲಗೆ ಮುಚ್ಚಿದಳು. ಹೇಗೂ ವಾದ್ಯಕ್ಕೆ ಮಾತಿಲ್ಲ. ಧಾಟಿಯಾದರೂ ಒಂದೇ ಎಳೆಯಾಗಿ ಹರಿಯಲಿ.

ಊದುವವರನ್ನು ಕೂಡಿಸಿದಳು. ಮೇಲಿನ ಧಾಟಿಗೆ ಶಾಲೆಯ ಹೊಲಿಗೆ ಟೀಚರ್ ಲೀಡಿಯಾಕ್ಕನ ಕೊಳಲು. ಲೀಡಿಯಾಕ್ಕನಿಗೆ ಐವತ್ತು ದಾಟಿತ್ತು. ಇಸ್ತ್ರಿ ಮಾಡದ ಸೀರೆಯಲ್ಲಿ ಅವರನ್ನು ಕಂಡವರಿಲ್ಲ. ಎರಡನೆಯದು ತನ್ನ ಕ್ಲಾರಿನೆಟ್. ಮೂರನೆಯದು ಮದುವೆ ಬ್ಯಾಂಡಿನ ಸೈಮನ್ನನ ಕ್ಲಾರಿನೆಟ್. ಕೆಳಗಿನ ಧಾಟಿಗೆ ದೇವಸ್ಥಾನದಲ್ಲಿ ಸ್ಯಾಕ್ಸೊಫೋನ್ ನುಡಿಸುವ ವಾಮನ ಶೇರಿಗಾರರು. ಅವರ ವಾದ್ಯ ಅಷ್ಟು ಕೆಳಗೆ ಇಳಿಯುವುದಿಲ್ಲವೆಂದು ಅವಳು ಇಡೀ ಹಾಡನ್ನು ಮೇಲೆತ್ತಿ ಬರೆದಿದ್ದಳು.

ಶನಿವಾರ ಸಂಜೆ ಮಾಸ್ಟ್ರ ಜಗಲಿಯಲ್ಲಿ ಎಲ್ಲರೂ ಸೇರಿದರು. ವಾಮನ ಶೇರಿಗಾರರು ಹಳದಿ ಹೊಳಪಿನ ಸ್ಯಾಕ್ಸೊಫೋನನ್ನು ಕುತ್ತಿಗೆಗೆ ತೂಗಿಕೊಂಡು ಕೂತರು.

"ಮರದ ವಾದ್ಯಗಳ ಮೇಳ ಅಂದಿರಲ್ಲ ಟೀಚರ್, ಇದು ಹಿತ್ತಾಳೆ. ನಾನು ಎದ್ದು ಹೋಗಬೇಕಾ ಎಂತ?"

"ನಿಮ್ಮದು ಮೈ ಮಾತ್ರ ಹಿತ್ತಾಳೆ. ತುಟಿಗೆ ತಾಗುವ ನಾಲಿಗೆ ಬೆತ್ತದ್ದೇ," ಎಂದರು ಮಾಸ್ಟ್ರು. "ಕೂತುಕೊಳ್ಳಿ."

"ನಾಲಿಗೆಯ ವಿಷಯ ಇವರ ಹೆಂಡತಿಯನ್ನು ಕೇಳಬೇಕು," ಎಂದ ಸೈಮನ್.

ಊದಿದರು. 'ಹೊಳೆಯುತಿದೆ' ಒಡೆಯದೆ ಹರಿಯಿತು. ಎರಡನೆಯ ಚರಣದ ಕೊನೆಯಲ್ಲಿ ಮಾತ್ರ ಕೊಳಲು ಎರಡು ಸ್ವರ ಮೊದಲೇ ನಿಂತುಹೋಯಿತು; ಉಳಿದವರು ಮುಗಿಸಿದರು.

"ಲೀಡಿಯಾಕ್ಕ, ಕೊನೆಯ ಎರಡು ಸ್ವರ ನುಂಗಿದಿರಿ," ಎಂದಳು ಪ್ರಮೋದಿನಿ.

"ಎಣಿಕೆ ತಪ್ಪಿತು, ಮಗ," ಎಂದರು ಲೀಡಿಯಾಕ್ಕ, ಕೊಳಲನ್ನು ಒರೆಸುತ್ತ.

ಮಾಸ್ಟ್ರು ಕಣ್ಣು ತೆರೆದರು. "ಸೊಗಸಾಗಿದೆ," ಎಂದರು.

ಪ್ರಮೋದಿನಿಯ ಎದೆ ಹಗುರಾಯಿತು. ಪೆಟ್ಟಿಗೆಯಿದ್ದ ಕೋಣೆಯ ಕಡೆಗೊಮ್ಮೆ ನೋಡಿಯೂಬಿಟ್ಟಳು.

"ಆದರೆ ಎಬನೇಸರ್ ಎಲ್ಲಿ?"

"ಯಾವ ಎಬನೇಸರ್, ಮಾಸ್ಟ್ರೇ?"

"ಹಾಡಿನಲ್ಲಿದ್ದನಲ್ಲ. ನೀನು ಎಲ್ಲಿ ಇಳಿಸಿದೆ?"

ಅವಳು ಉಳಿದವರತ್ತ ತಿರುಗಿದಳು. ಲೀಡಿಯಾಕ್ಕ ಮೆಲ್ಲಗೆ ಹೇಳಿದರು, "ಎಬನೇಸರ್ ಸೋನ್ಸ್ ಇರಬೇಕು. ಹಿಂದೆ ಕ್ವಾಯರಿನಲ್ಲಿ ಟೆನರ್, ಅಂದರೆ ಗಂಡಸರ ಮೇಲಿನ ಧಾಟಿ ಹಾಡುತ್ತಿದ್ದವರು. ದೋಣಿ ಕಡವಿನ ಹತ್ತಿರ ಮನೆ."

ಮರುದಿನ ಆರಾಧನೆ ಮುಗಿದ ಮೇಲೆ ಪ್ರಮೋದಿನಿ ಕಡವಿನ ಕಡೆಗೆ ನಡೆದಳು. ಎಬನೇಸರ್ ಅಜ್ಜ ಅಂಗಳದಲ್ಲಿ ಗಾಳದ ದಾರ ಬಿಡಿಸುತ್ತ ಕೂತಿದ್ದರು. ಎಪ್ಪತ್ತರ ಮೇಲಿನ ವಯಸ್ಸು. ಪ್ರತಿ ಮಾತಿನ ಹಿಂದೆ ಎದೆಯಲ್ಲಿ ಸಣ್ಣದೊಂದು ಗೊರಗೊರ.

"ವಿಲಕ ಮಾಸ್ಟ್ರು ಕಳಿಸಿದ್ದಾ? ಕೂತುಕೋ ಮಗಳೇ. ಎಂತ ವಿಷಯ?"

ಅವಳು ದೋಣಿಯ ಹಾಡಿನ ವಿಷಯ ಹೇಳಿದಳು. ಮಾಸ್ಟ್ರಿಗೆ ಆಗ ಕನ್ನಡ ಬಾರದೆ ಒಂದು ಪದ ಒಡೆದುಹೋಗಿತ್ತೆಂದೂ, ತಾನದನ್ನು ಸರಿಮಾಡಿದೆನೆಂದೂ ಹೇಳಿದಳು.

ಅಜ್ಜ ದಾರವನ್ನು ಕೆಳಗಿಟ್ಟರು. ಬಹಳ ಹೊತ್ತು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಹೇಳಿದರು, "ಕನ್ನಡ ಬಾರದೆ. ಹಾಗೆಂತ ಅವರೇ ಹೇಳಿದ್ದು, ಎಲ್ಲರ ಎದುರು. ನೀನೂ ನಂಬಿದೆಯಾ?"

"ಅಲ್ಲವಾ ಅಜ್ಜ?"

"ನಾನು ಆಗ ಹೆಂಚಿನ ಗೂಡಿನಲ್ಲಿ ಕೆಲಸಕ್ಕಿದ್ದೆ. ಹದಿನಾರು ವರ್ಷದಿಂದ. ಎದೆಯೊಳಗೆಲ್ಲ ಹುಡಿ. ಸ್ವರ ಒಳ್ಳೆಯದಿತ್ತು, ಉಸಿರು ಸಾಲುತ್ತಿರಲಿಲ್ಲ. ಆ ಸಾಲು ಉದ್ದದ್ದು. ಹೊಳೆ ಅನ್ನುವಾಗ ನನ್ನದು ಮುಗಿಯುತ್ತಿತ್ತು. ಬಾಯಿ ತೆರೆದು ಗಾಳಿ ಎಳೆದುಕೊಳ್ಳಬೇಕು. ಪ್ರತಿ ಸಲ ಅಲ್ಲಿಯೇ."

"ಮತ್ತೆ?"

"ಮತ್ತೆಂತ, ನಗೆ. ಎಬನೇಸರ್ ಹೊಳೆಗೆ ಬಿದ್ದ, ಎಬನೇಸರ್ ಹೊಳೆಗೆ ಬಿದ್ದ. ಹೆಂಗಸರ ಸಾಲಿನಿಂದಲೂ ನಗೆ. ಅಲ್ಲಿ ನಾನು ಮದುವೆಯಾಗಬೇಕು ಅಂತಿದ್ದವಳೂ ಇದ್ದಳು. ಬರುವ ವಾರದಿಂದ ನಾನು ಬರುವುದಿಲ್ಲ ಅಂತ ಮಾಸ್ಟ್ರಿಗೆ ಹೇಳಿದೆ. ಅವರು ತಡೆಯಲಿಲ್ಲ. ಒಂದು ಸಲ ಬಂದು ಹೋಗು, ಸಾಕು ಅಂದರು."

ಅಜ್ಜ ಮಾತಿನ ನಡುವೆ ಉಸಿರಿಗಾಗಿ ನಿಂತರು. ಪ್ರಮೋದಿನಿ ಕಾದಳು.

"ಹೋದೆ. ಎಲ್ಲರಿಗೂ ಹೊಸ ಹಾಳೆ. ನಾಲ್ಕೂ ಧಾಟಿ ಅಲ್ಲಿ ನಿಲ್ಲಬೇಕು ಅಂತ ಬರೆದಿತ್ತು. ಪದ್ಯ ಬರೆದ ಉಪದೇಶಿಗಳಿಗೆ ಸಿಟ್ಟೇ ಬಂತು. ಇದು ಹೊಳೆಯುತಿದೆ ಮಾರಾಯ್ರೆ, ಹೊಳೆ ಅಲ್ಲ ಅಂದರು. ಮಾಸ್ಟ್ರು ತಲೆ ಬಗ್ಗಿಸಿ, ನನಗೆ ಕನ್ನಡ ಬರುವುದಿಲ್ಲ, ಕ್ಷಮಿಸಿ, ಅಚ್ಚಾಗಿ ಹೋಗಿದೆ ಅಂದರು. ಅಚ್ಚೆಂತದು, ಕೈಯಲ್ಲಿ ಬರೆದದ್ದು."

"ಹಾಡಿದಿರಾ?"

"ಹಾಡಿದೆವು. ಆ ದಿನ ಇಪ್ಪತ್ತೆರಡು ಮಂದಿಯೂ ಹೊಳೆಗೆ ಬಿದ್ದರು." ಅಜ್ಜ ಮತ್ತೆ ದಾರ ಕೈಗೆತ್ತಿಕೊಂಡರು. "ಯಾರಿಗೆ ಉಸಿರು ಸಾಲಲಿಲ್ಲ ಅಂತ ಆಮೇಲೆ ಯಾರಿಗೂ ಗೊತ್ತಾಗಲಿಲ್ಲ. ನನ್ನವಳಿಗೆ ಸಹ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನಾನೇ ಹೇಳಿದ್ದು."

ಪ್ರಮೋದಿನಿ ಮನೆಗೆ ಬಂದವಳು ಊಟಕ್ಕೂ ಕೂರಲಿಲ್ಲ. ನಲವತ್ತು ವರ್ಷಗಳಿಂದ ಊರು ಮಾಸ್ಟ್ರ ಕನ್ನಡಕ್ಕೆ ನಕ್ಕಿತ್ತು. ಅವಳೂ ನಕ್ಕಿದ್ದಳು, ಮೊನ್ನೆ ತಾನೇ. ಮುಚ್ಚಿದ ವಿರಾಮವನ್ನು ಮತ್ತೆ ತೆರೆದು, ನಾಲ್ಕೂ ಹಾಳೆಗಳನ್ನು ಹೊಸದಾಗಿ ನಕಲು ಮಾಡಿದಳು. ಆ ಜಾಗದಲ್ಲಿ ಕಣ್ಣು ತಪ್ಪದಿರಲೆಂದು ಕಪ್ಪು ಶಾಯಿಯಲ್ಲಿ ದಪ್ಪಗೆ ಗುರುತು ಹಾಕಿದಳು.

ಬುಧವಾರ ಮತ್ತೆ ಜಗಲಿಯಲ್ಲಿ ಕೂತರು. ಈ ಸಲ ಅವಳು ವಾದ್ಯ ಹಿಡಿಯುವ ಮೊದಲು ಎಬನೇಸರ್ ಅಜ್ಜನ ಕಥೆಯನ್ನು ಎಲ್ಲರಿಗೂ ಹೇಳಿದಳು. ಸೈಮನ್ ಟೋಪಿ ತೆಗೆದ. ವಾಮನ ಶೇರಿಗಾರರು, "ಛೆ, ದೊಡ್ಡ ಮನುಷ್ಯರು," ಎಂದರು. ಮಾಸ್ಟ್ರು ಹೊಳೆಯ ಕಡೆ ನೋಡುತ್ತಿದ್ದರು, ಯಾರದೋ ಕಥೆ ಎಂಬಂತೆ.

ಊದಿದರು. ವಿರಾಮ ಬಂತು. ನಾಲ್ವರೂ ಒಟ್ಟಿಗೆ ನಿಂತರು. ಶೇರಿಗಾರರ ಕಾಲಿನ ಹೆಬ್ಬೆರಳು ನೆಲಕ್ಕೆ ತಟ್ಟಿ ಒಂದು, ಎರಡು ಎಂದು ಎಣಿಸಿತು. ಮತ್ತೆ ಒಟ್ಟಿಗೆ ಹೊರಟರು. ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ.

ಎರಡನೆಯ ಚರಣದ ಕೊನೆಯಲ್ಲಿ ಕೊಳಲು ಮತ್ತೆ ಎರಡು ಸ್ವರ ನುಂಗಿತು. ಪ್ರಮೋದಿನಿ ತುಟಿ ಕಚ್ಚಿದಳು.

"ಇನ್ನೊಮ್ಮೆ," ಎಂದರು ಮಾಸ್ಟ್ರು.

ಇನ್ನೊಮ್ಮೆ ಊದಿದರು. ವಿರಾಮ ಬಂದ ಗಳಿಗೆಗೆ ಸರಿಯಾಗಿ ಮಾಸ್ಟ್ರು ಎದ್ದು, ಒಳಗಿನಿಂದ ಒಂದು ಖಾಲಿ ಕುರ್ಚಿ ತಂದು ನಾಲ್ವರ ನಡುವೆ ಇಟ್ಟರು. ಬಟ್ಟೆಯಿಂದ ಅದರ ಧೂಳು ಒರೆಸಿದರು. ಎಲ್ಲರೂ ಊದುವುದನ್ನು ಬಿಟ್ಟು ನೋಡಿದರು.

"ಇದು ಯಾರಿಗೆ, ಮಾಸ್ಟ್ರೇ?" ಎಂದಳು ಪ್ರಮೋದಿನಿ.

"ನೀನು ಕರೆದುಕೊಂಡು ಬಂದೆಯಲ್ಲ, ಅವನಿಗೆ. ಅವನು ಬರಲಿಲ್ಲ. ಕುರ್ಚಿ ಬಂತು."

ಅವಳ ಮುಖ ಕೆಂಪಾಯಿತು. ಉಳಿದವರು ವಾದ್ಯ ಕಟ್ಟಿಕೊಂಡು ಹೊರಡುವ ತನಕ ತಡೆದುಕೊಂಡಳು.

"ವಿರಾಮ ತೆಗೆದರೂ ತಪ್ಪು, ಇಟ್ಟರೂ ತಪ್ಪು. ಹಾಗಾದರೆ ಸರಿ ಯಾವುದು ಹೇಳಿಬಿಡಿ."

"ಶೇರಿಗಾರರು ಅಲ್ಲಿ ಏಕೆ ನಿಂತರು?"

"ನಾನು ಬರೆದಿದ್ದೆ, ಅದಕ್ಕೆ."

"ನಿನಗೆ ಏಕೆ ಬರೆಯಬೇಕಾಯಿತು?"

"ನೀವು ಬರೆದಿದ್ದಿರಿ."

"ನಾನು ಏಕೆ ಬರೆದೆ?"

"ಎಬನೇಸರ್ ಅಜ್ಜನಿಗಾಗಿ."

"ಎಬನೇಸರ್ ಈಗ ಮೀನು ಹಿಡಿಯುತ್ತಿದ್ದಾನೆ," ಎಂದರು ಮಾಸ್ಟ್ರು. "ನೀನು ನನ್ನ ಹಾಳೆಯನ್ನು ಬಹಳ ಚೆನ್ನಾಗಿ ಓದುತ್ತೀ, ಪ್ರಮೋದಿನಿ. ನಾನು ಅದನ್ನು ಬರೆದ ದಿನ ನನ್ನ ಎದುರಿಗೆ ಹಾಳೆ ಇರಲಿಲ್ಲ. ಜನ ಇದ್ದರು."

ಇಷ್ಟು ಹೇಳಿ ಗಂಜಿಗೆ ಎದ್ದರು. ಊಟದ ಹೊತ್ತಿಗೆ ಅವರನ್ನು ಮಾತನಾಡಿಸುವಂತಿರಲಿಲ್ಲ.

ಗುರುವಾರ ಹೋಯಿತು. ಶುಕ್ರವಾರವೂ ಹೋಯಿತು. ಪ್ರಮೋದಿನಿ ಹಾಳೆ ಬಿಡಿಸಿದಳು, ಮಡಿಚಿದಳು. ವಿರಾಮವನ್ನು ಚಿಕ್ಕದು ಮಾಡಿ ನೋಡಿದಳು, ದೊಡ್ಡದು ಮಾಡಿ ನೋಡಿದಳು. ಹದಿನೇಳು ಹಾಡುಗಳು ಹಡಗಿನ ಹೊಟ್ಟೆಯಲ್ಲಿ ಕೂತು ಹೋಗುವುದು ಅವಳ ಕಣ್ಣಿಗೆ ಕಟ್ಟಿದಂತಿತ್ತು. ಅವಳು ಆ ಹಾಡುಗಳಲ್ಲಿ ಒಂದನ್ನೂ ಕೇಳಿರಲಿಲ್ಲ. ಕೇಳಿದವರು ಒಬ್ಬೊಬ್ಬರಾಗಿ ಮುಗಿಯುತ್ತಿದ್ದರು.

ಶನಿವಾರ ಅಭ್ಯಾಸಕ್ಕೆ ಎಲ್ಲರೂ ಚರ್ಚಿನ ಹಿಂದಿನ ಕೋಣೆಯಲ್ಲಿ ಸೇರಿದರು. ಅವಳು ತನ್ನ ಕ್ಲಾರಿನೆಟ್ಟನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ.

"ಇವತ್ತು ನೀವು ಮೂವರೇ ಊದಿ. ನಾನು ಕೇಳುತ್ತೇನೆ."

"ಒಂದು ಕಾಲಿಲ್ಲದ ಮೇಜು," ಎಂದರು ಶೇರಿಗಾರರು. ಆದರೂ ಊದಿದರು.

ತಾನು ಊದುವಾಗ ಕೇಳಿಸದೆ ಇದ್ದದ್ದು ಈಗ ಅವಳಿಗೆ ಕೇಳಿಸಿತು. ಶೇರಿಗಾರರು ಉಸಿರು ಎಳೆದುಕೊಳ್ಳುವುದೇ ಗೊತ್ತಾಗುತ್ತಿರಲಿಲ್ಲ. ಕೆನ್ನೆಯಲ್ಲಿ ಗಾಳಿ ಹಿಡಿದಿಟ್ಟು ಮೂಗಿನಿಂದ ಎಳೆಯುವ ಪಾಠ ಅವರ ಮನೆತನದ್ದು. ಸೈಮನ್ ಅಲ್ಲಲ್ಲಿ ಹಾಯಾಗಿ ಉಸಿರು ತೆಗೆದುಕೊಳ್ಳುತ್ತಿದ್ದ. ಲೀಡಿಯಾಕ್ಕನ ಉಸಿರು ಮಾತ್ರ ಕೇಳಿಸುತ್ತಿತ್ತು, ಚೂರುಚೂರಾಗಿ, ಕದ್ದಂತೆ. ಎರಡನೆಯ ಚರಣದ ಉದ್ದನೆಯ ಸಾಲಿನಲ್ಲಿ ಅವರ ಕೊಳಲು ಸೊಗಸಾಗಿ ಏರಿತು, ಏರಿತು. 'ಉಳಿಯದಿರಲಿ' ಎಂಬಲ್ಲಿಗೆ ಬರುವಾಗ ತೆಳ್ಳಗಾಯಿತು. ಕೊನೆಯ ಎರಡು ಸ್ವರ ಇಲ್ಲ.

"ಎಣಿಕೆ ತಪ್ಪಿತು," ಎಂದರು ಲೀಡಿಯಾಕ್ಕ, ಯಾರೂ ಕೇಳದಿದ್ದರೂ.

ಹೊರಡುವಾಗ ಪ್ರಮೋದಿನಿ, "ನಿಮ್ಮ ಜೊತೆ ನಾನೂ ಬರುತ್ತೇನೆ, ಲೀಡಿಯಾಕ್ಕ," ಎಂದಳು.

ಚರ್ಚಿನಿಂದ ಮೇಲಿನ ರಸ್ತೆಗೆ ಕಲ್ಲಿನ ಮೆಟ್ಟಿಲು, ಮೂವತ್ತರ ಮೇಲೆ. ಹತ್ತು ಮೆಟ್ಟಿಲು ಹತ್ತಿದ ಮೇಲೆ ಲೀಡಿಯಾಕ್ಕ ನಿಂತು, ಚೀಲದೊಳಗೆ ಬೀಗದ ಕೈ ಹುಡುಕಿದರು. ಸಿಕ್ಕಿತು. ಇನ್ನು ಎಂಟು ಮೆಟ್ಟಿಲಿಗೆ ನಿಂತು, ಅಚ್ಚುಕಟ್ಟಾಗಿಯೇ ಇದ್ದ ನೆರಿಗೆಯನ್ನು ಸರಿಮಾಡಿಕೊಂಡರು. ಆಮೇಲೆ ಐದು ಮೆಟ್ಟಿಲಿಗೆ ನಿಂತು, ಹೊಳೆಯ ಕಡೆ ತಿರುಗಿ, "ಇವತ್ತು ನೀರು ಇಳಿದ ಹಾಗೆ ಉಂಟು, ಅಲ್ಲವಾ?" ಎಂದರು.

ನೀರು ಇಳಿದಿರಲಿಲ್ಲ. ಲೀಡಿಯಾಕ್ಕನ ಕುತ್ತಿಗೆಯ ನರ ಪಟಪಟನೆ ಹೊಡೆದುಕೊಳ್ಳುತ್ತಿತ್ತು.

ಒಂಬತ್ತು ವರ್ಷಗಳಿಂದ ಅವಳು ಇವರ ಜೊತೆ ಒಂದೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಇವರು ಮೆಟ್ಟಿಲು ಹತ್ತುವುದನ್ನು ಒಮ್ಮೆಯೂ ನೋಡಿರಲಿಲ್ಲ.

ಮೇಲೆ ಇನ್ನೂ ಮೆಟ್ಟಿಲುಗಳಿದ್ದವು. ಪ್ರಮೋದಿನಿ ಇದ್ದಲ್ಲಿಯೇ ಕೂತಳು. "ಒಂದು ನಿಮಿಷ, ಲೀಡಿಯಾಕ್ಕ. ನನ್ನ ಚಪ್ಪಲಿಯ ಬಾರು ಸಡಿಲವಾಗಿದೆ."

ಬಾರು ಗಟ್ಟಿಯಾಗಿಯೇ ಇತ್ತು. ಅದನ್ನು ಬಿಚ್ಚಿ, ಮತ್ತೆ ಹಾಕಿ, ಪುನಃ ಬಿಚ್ಚಿದಳು. ಲೀಡಿಯಾಕ್ಕ ಪಕ್ಕದಲ್ಲಿ ಕೂತರು. ಇಬ್ಬರೂ ಇಳಿಯದ ನೀರನ್ನು ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಉಳಿದ ಮೆಟ್ಟಿಲು ಹತ್ತಿದರು.

ಭಾನುವಾರ ಮಧ್ಯಾಹ್ನ ಪ್ರಮೋದಿನಿ ಮೂರನೆಯ ಸಲ, ಪೆನ್ಸಿಲಿನಲ್ಲಿ, ಹಾಳೆ ಬರೆದಳು. 'ಹೊಳೆಯುತಿದೆ' ಎಂಬುದನ್ನು ಜೋಡಿಸಿದಳು. ಅಲ್ಲಿ ಈಗ ಯಾರಿಗೂ ಉಸಿರು ಬೇಕಿರಲಿಲ್ಲ. ಎರಡನೆಯ ಚರಣದಲ್ಲಿ, ಗುರುಗಳು ಏನನ್ನೂ ಬರೆಯದ ಜಾಗದಲ್ಲಿ, ನಾಲ್ಕೂ ಧಾಟಿಗಳಿಗೆ ಒಂದು ವಿರಾಮ ಬರೆದಳು. ಬರೆದ ಮೇಲೆ ಕೆಳಗಿನ ಮಾತುಗಳನ್ನು ನೋಡಿದಳು. ಅದು ಪದದ ನಡುವೆಯೇ ಬಿದ್ದಿತ್ತು. 'ದಡದಲಿ ಯಾರೂ ಉಳಿ.' ಆಮೇಲೆ 'ಯದಿರಲಿ.'

ಅವಳ ಕೈ ಒಂದು ಕ್ಷಣ ಅಳಿಸುವ ರಬ್ಬರಿನ ಕಡೆಗೆ ಹೋಯಿತು. ಪದದ ಈಚೆ ಸರಿಸಿದರೆ ವ್ಯಾಕರಣ ಉಳಿಯುತ್ತಿತ್ತು. ಆದರೆ ಅಲ್ಲಿ ಎಳೆದುಕೊಂಡ ಉಸಿರು ಆ ಉದ್ದನೆಯ ಪದದ ಕೊನೆಯ ತನಕ ಲೀಡಿಯಾಕ್ಕನಿಗೆ ಸಾಲುವುದಿಲ್ಲ.

ರಬ್ಬರನ್ನು ಮೇಜಿನ ಖಾನೆಯೊಳಗೆ ಹಾಕಿದಳು.

ಸೋಮವಾರ ಬೆಳಿಗ್ಗೆ ಮಾಸ್ಟ್ರ ಜಗಲಿಯಲ್ಲಿ ತಗಡಿನ ಪೆಟ್ಟಿಗೆ ಹೊರಗೆ ಬಂದು ಕೂತಿತ್ತು. ಅದಕ್ಕೆ ಹಗ್ಗ ಸುತ್ತಿತ್ತು. ಮೇಲೆ ಪ್ರಾಗ್ ನಗರದ ವಿಳಾಸ, ಮಾಸ್ಟ್ರ ನೆಟ್ಟಗಿನ ಅಕ್ಷರದಲ್ಲಿ.

ಪ್ರಮೋದಿನಿ ಹಾಳೆ ಹಂಚಿದಳು. ಶೇರಿಗಾರರು ಕನ್ನಡಕ ಏರಿಸಿ ನೋಡಿದರು.

"ಇದೆಂತ ಟೀಚರ್, ಹಳೆಯ ಗುಂಡಿ ಮುಚ್ಚಿ ಹೊಸ ಗುಂಡಿ ತೋಡಿದ್ದೀರಿ? ಇಲ್ಲಿ ಯಾಕೆ ನಿಲ್ಲಬೇಕು? ನನಗೆ ಉಸಿರು ಬೇಕಾದಷ್ಟು ಉಂಟು."

"ನನಗಿಲ್ಲ," ಎಂದಳು ಪ್ರಮೋದಿನಿ. "ಅಲ್ಲಿ ನನಗೆ ಸಾಲುವುದಿಲ್ಲ, ಶೇರಿಗಾರರೇ. ಮೊದಲೇ ಹೇಳಬೇಕಿತ್ತು, ನಾಚಿಕೆಯಾಯಿತು. ನನಗಾಗಿ ಎಲ್ಲರೂ ಸ್ವಲ್ಪ ನಿಲ್ಲಿ."

"ಈ ಪ್ರಾಯದಲ್ಲಿ?" ಎಂದ ಸೈಮನ್. "ನಮ್ಮ ಬ್ಯಾಂಡಿಗೆ ಬನ್ನಿ. ಒಂದು ಮೆರವಣಿಗೆ ಮುಗಿಯುವಾಗ ಎಲ್ಲ ಸರಿಯಾಗುತ್ತದೆ."

ಲೀಡಿಯಾಕ್ಕ ತಮ್ಮ ಹಾಳೆಯನ್ನು ನೋಡುತ್ತಿದ್ದರು. ಬಹಳ ಹೊತ್ತು ನೋಡಿದರು. ಕೊಳಲನ್ನು ತುಟಿಗೆ ತಂದರು.

ಊದಿದರು. ಬಿಸಿಲಿಗೆ ನೀರು ಒಂದೇ ಎಳೆಯಲ್ಲಿ ಹೊಳೆಯಿತು. ಎರಡನೆಯ ಚರಣ ಏರತೊಡಗಿತು; ಕೊಳಲು ಮೇಲೆ, ಉಳಿದವು ಅದರ ಕೆಳಗೆ. ಕೊಳಲು ಇನ್ನೇನು ತೆಳ್ಳಗಾಗಬೇಕು ಎನ್ನುವಾಗ ನಾಲ್ವರೂ ನಿಂತರು. ಈ ಸಲ ಯಾರ ಬೆರಳೂ ನೆಲಕ್ಕೆ ತಟ್ಟಲಿಲ್ಲ. ಶೇರಿಗಾರರು ಪ್ರಮೋದಿನಿಯ ಮುಖ ನೋಡಿದರು, ಅವಳಿಗೆ ಸಾಕಾಯಿತೇ ಎಂದು. ಪ್ರಮೋದಿನಿ ಲೀಡಿಯಾಕ್ಕನ ಭುಜವನ್ನು ನೋಡುತ್ತಿದ್ದಳು. ಭುಜ ಏರಿತು. ಆಗ ಎಲ್ಲರೂ ಒಟ್ಟಿಗೆ ಹೊರಟರು.

ಕೊನೆಯ ಎರಡು ಸ್ವರಗಳು ಪೂರ್ತಿಯಾಗಿ, ತುಂಬಿಕೊಂಡು ಬಂದವು. ಹೊಳೆಯ ಮೇಲೆ ಹೋಗಿ ಆಚೆ ದಡಕ್ಕೆ ಮುಟ್ಟಿದವೇನೋ.

ಲೀಡಿಯಾಕ್ಕ ಕೊಳಲನ್ನು ಒರೆಸಿ, ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು.

"ಈಗ ಎಣಿಕೆ ಸರಿಯಾಯಿತು," ಎಂದರು.

ಮಾಸ್ಟ್ರು ಪ್ರಮೋದಿನಿಯ ಹಾಳೆ ಕೇಳಿ ತೆಗೆದುಕೊಂಡರು. ಬೆರಳಿನಿಂದ ಸಾಲು ಹಿಡಿದು ನೋಡಿದರು.

"ನನ್ನ ವಿರಾಮ ಇಲ್ಲಿ ಇಲ್ಲ."

"ಇಲ್ಲ, ಮಾಸ್ಟ್ರೇ."

"ಇಲ್ಲಿ ಒಂದು ಇದೆ. ಇದು ನನ್ನದಲ್ಲ."

"ಅಲ್ಲ."

"ಪದದ ನಡುವೆ ಇದೆ."

"ಹೌದು."

"ನೀನು ವ್ಯಾಕರಣ ಕಲಿಸುವವಳು. ಇದು ತಪ್ಪು."

"ತಪ್ಪೇ, ಮಾಸ್ಟ್ರೇ," ಎಂದಳು ಪ್ರಮೋದಿನಿ. "ಆದರೆ ಅಳಿಸುವುದಿಲ್ಲ."

"ಪೆಟ್ಟಿಗೆ ಹೋದರೂ?"

ಅವಳು ಪೆಟ್ಟಿಗೆಯನ್ನು ನೋಡಿದಳು. "ಹೋದರೂ."

ಹೊರಗೆ ಅಂಚೆಗೆ ಒಯ್ಯುವ ರಿಕ್ಷಾ ಬಂದು ನಿಂತಿತು. ಚಾಲಕ ಇಳಿದು ಬಂದು, "ಇದೇ ಸಾಮಾನಾ ಮಾಸ್ಟ್ರೇ?" ಎಂದು ಹಗ್ಗಕ್ಕೆ ಕೈ ಹಾಕಿದ.

ಮಾಸ್ಟ್ರು ಅವನ ಕೈಯನ್ನು ಮೆಲ್ಲಗೆ ಸರಿಸಿದರು. ಮಂಡಿಯೂರಿ ಕೂತರು, ಆ ವಯಸ್ಸಿಗೆ ಅದು ಸುಲಭವಾಗಿರಲಿಲ್ಲ. ಗಂಟು ಬಿಚ್ಚಿ, ಹಗ್ಗ ಸುತ್ತಿ ಪಕ್ಕಕ್ಕಿಟ್ಟರು. ಪೆಟ್ಟಿಗೆಯನ್ನು ಎರಡೂ ಕೈಯಿಂದ ಪ್ರಮೋದಿನಿಯ ಕಡೆಗೆ ದೂಡಿದರು.

"ಎರಡನೆಯ ಹಾಡಿನಲ್ಲಿ ಒಂದು ತಪ್ಪೂ ಇಲ್ಲ," ಎಂದರು. "ಅದನ್ನು ಸ್ವಲ್ಪ ಜಾಗ್ರತೆಯಿಂದ ನೋಡು."